ಕಾವಲುಗಾರ ಎಡವಿದ ಶುಕ್ರವಾರ

ಕಳ್ಳರನ್ನು ಹಿಡಿಯಲೆಂದು ಕಂಪ್ಯೂಟರಿನ ಗರ್ಭಗುಡಿಗೇ ಬಿಟ್ಟುಕೊಂಡಿದ್ದ ತಂತ್ರಾಂಶ 85 ಲಕ್ಷ ಯಂತ್ರಗಳನ್ನು ಕೆಡವಿತು. ಆದ ತಪ್ಪು ಇಷ್ಟೇ: ಇಪ್ಪತ್ತು ಇದ್ದಲ್ಲಿ ಇಪ್ಪತ್ತೊಂದನೆಯದನ್ನು ಹುಡುಕಿದ್ದು. ಕೆಡವಲು 78 ನಿಮಿಷ ಸಾಕಾಯಿತು. ಎತ್ತಿ ನಿಲ್ಲಿಸಲು ಮಾತ್ರ ಮನುಷ್ಯರ ಕೈಗಳೇ ಬೇಕಾದವು.

2024ರ ಜುಲೈ 19, ಆಷಾಢದ ಎರಡನೇ ಶುಕ್ರವಾರ. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ದರ್ಶನದ ಸಾಲು ಬೆಳೆಯುತ್ತಿದ್ದ ಹೊತ್ತಿಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲೂ ಒಂದು ಸಾಲು ಬೆಳೆಯತೊಡಗಿತ್ತು. ಬೆಟ್ಟದ ಸಾಲು ನಿಧಾನವಾಗಿಯಾದರೂ ಮುಂದೆ ಸರಿಯುತ್ತದೆ. ಇದು ಸರಿಯಲೇ ಇಲ್ಲ.

ಗಂಟೆ ಹತ್ತೂವರೆ ದಾಟುತ್ತಿದ್ದಂತೆ ಇಂಡಿಗೊ, ಆಕಾಶ, ಸ್ಪೈಸ್‌ಜೆಟ್ ಕೌಂಟರುಗಳ ಪರದೆಗಳು ಕೈಕೊಟ್ಟವು. ಚೆಕ್ ಇನ್ ಎಲ್ಲವೂ ಕೈಯಲ್ಲೇ ಎಂದು ಸಿಬ್ಬಂದಿ ಸಾರಿದರು. ದೆಹಲಿಯ ನಿಲ್ದಾಣದಲ್ಲಿ ಬಿಳಿ ಹಲಗೆ ತಂದಿಟ್ಟು, ಯಾವ ವಿಮಾನ ಯಾವ ಗೇಟಿನಿಂದ ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದರು. ಹೈದರಾಬಾದ್‌ನಿಂದ ಕೋಲ್ಕತ್ತಕ್ಕೆ ಹೊರಟಿದ್ದ ಪ್ರಯಾಣಿಕರೊಬ್ಬರು ತಮಗೆ ಸಿಕ್ಕ ಬೋರ್ಡಿಂಗ್ ಪಾಸಿನ ಚಿತ್ರವನ್ನು ಜಾಲತಾಣದಲ್ಲಿ ಹಾಕಿಕೊಂಡರು. ಹೆಸರು, ಸೀಟು, ದಿನಾಂಕ ಎಲ್ಲವೂ ನೀಲಿ ಇಂಕಿನ ಕೈಬರಹ. ಬಸ್ ಕಂಡಕ್ಟರ್ ಚೀಟಿ ಹರಿದುಕೊಟ್ಟಂತಿದ್ದ ಆ ಪಾಸನ್ನು ದೇಶವೇ ನೋಡಿತು. ಸಂಜೆಯೊಳಗೆ ಇಂಡಿಗೊ ಒಂದೇ ಸುಮಾರು 200 ವಿಮಾನಗಳನ್ನು ರದ್ದು ಮಾಡಿತ್ತು.

ಅದೇ ಹೊತ್ತಿಗೆ ಸಿಡ್ನಿಯಲ್ಲಿ ಶುಕ್ರವಾರದ ಮಧ್ಯಾಹ್ನ. ಕಚೇರಿಗಳಲ್ಲಿ ಒಂದರ ಹಿಂದೊಂದು ಪರದೆ ನೀಲಿಗೆ ತಿರುಗುತ್ತಿತ್ತು. ಲಂಡನ್‌ನಲ್ಲಿ ಬೆಳಗಾಗುವಷ್ಟರಲ್ಲಿ ಸ್ಕೈ ನ್ಯೂಸ್ ವಾಹಿನಿ ನೇರಪ್ರಸಾರ ನಿಲ್ಲಿಸಿತ್ತು. ಬ್ರಿಟನ್ನಿನ ಊರೂರ ಡಾಕ್ಟರುಗಳಿಗೆ ರೋಗಿಗಳ ದಾಖಲೆ ತೆರೆಯದಾಯಿತು. ಅಮೆರಿಕದಲ್ಲಿ ಆಗಿನ್ನೂ ನಡುರಾತ್ರಿ. ಮುಚ್ಚಿಟ್ಟ ಲ್ಯಾಪ್‌ಟಾಪ್‌ಗಳು ಪಾರಾದವು, ರಾತ್ರಿಯೆಲ್ಲ ಉರಿಯುವ ಸರ್ವರ್‌ಗಳು ಸಿಕ್ಕಿಬಿದ್ದವು.

ಮೊದಲು ಎಲ್ಲರೂ ಶಂಕಿಸಿದ್ದು ಸೈಬರ್ ದಾಳಿಯನ್ನು. ಗೊಂದಲಕ್ಕೆ ಇನ್ನೊಂದು ಕಾರಣವೂ ಇತ್ತು. ಭಾರತದ ಲೆಕ್ಕದಲ್ಲಿ ಅಂದು ನಸುಕಿನಲ್ಲೇ ಮೈಕ್ರೋಸಾಫ್ಟಿನ ಅಜೂರ್ ಕ್ಲೌಡ್‌ನ ಅಮೆರಿಕದ ಒಂದು ವಲಯ ಬೇರೆಯದೇ ತೊಂದರೆಯಿಂದ ಕುಸಿದಿತ್ತು. ಎರಡು ಅವಘಡಗಳು ಒಂದರ ಮೇಲೊಂದು ಬಿದ್ದು ಯಾವುದರ ಪೆಟ್ಟು ಯಾರಿಗೆ ಎಂದು ಬಿಡಿಸುವುದೇ ಕಷ್ಟವಾಯಿತು. ತಮಾಷೆಯೆಂದರೆ ಸದಾ ‘ಸರ್ವರ್ ಡೌನ್’ ಎಂದು ಬೈಸಿಕೊಳ್ಳುವ ನಮ್ಮ ಸರ್ಕಾರಿ ಜಾಲ ಅಂದು ನೆಟ್ಟಗಿತ್ತು. ಅದನ್ನು ನಡೆಸುವ ಎನ್‌ಐಸಿಗೆ ಏನೂ ಆಗಿಲ್ಲ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಿಳಿಸಿದರು. ಹತ್ತು ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಿಗೆ ಸಣ್ಣಪುಟ್ಟ ಅಡಚಣೆಯಷ್ಟೇ ಆಗಿದೆ ಎಂದು ರಿಸರ್ವ್ ಬ್ಯಾಂಕ್ ಹೇಳಿತು.

ಅದು ದಾಳಿಯಲ್ಲ ಎಂಬುದು ಸಂಜೆಯೊಳಗೆ ಖಚಿತವಾಯಿತು. ದಾಳಿಯನ್ನು ತಡೆಯಬೇಕಾದವರ ಕೈತಪ್ಪು ಅದು.

ಡ್ರೈವರ್ ಮತ್ತು ಪ್ರಯಾಣಿಕ

ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿಯ ‘ಫಾಲ್ಕನ್’ ಎಂಬ ಭದ್ರತಾ ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೆ ಯಾರೂ ಹಾಕಿಸಿಕೊಳ್ಳುವುದಿಲ್ಲ. ಅದು ದೊಡ್ಡ ಕಂಪನಿಗಳ, ವಿಮಾನಯಾನದವರ, ಆಸ್ಪತ್ರೆಗಳ ಸರಕು. ಆದ್ದರಿಂದಲೇ ಅಂದು ಮನೆಯಲ್ಲಿದ್ದವರ ಕಂಪ್ಯೂಟರ್‌ಗಳು ಎಂದಿನಂತಿದ್ದವು, ಹೊರಗೆ ಹೋದವರು ಸಿಕ್ಕಿಕೊಂಡರು. ಮೈಕ್ರೋಸಾಫ್ಟಿನ ಅಂದಾಜಿನಂತೆ ಕೆಟ್ಟು ನಿಂತದ್ದು 85 ಲಕ್ಷ ಯಂತ್ರಗಳು. ಜಗತ್ತಿನ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಶೇಕಡ ಒಂದಕ್ಕೂ ಕಡಿಮೆ! ಆ ಒಂದು ಭಾಗ ಎಲ್ಲೆಲ್ಲಿ ಕೂತಿತ್ತು ಎಂಬುದೇ ಮುಖ್ಯವಾಯಿತು.

ಒಂದು ತಂತ್ರಾಂಶ ಕೆಟ್ಟರೆ ಇಡೀ ಯಂತ್ರ ಏಕೆ ಬೀಳಬೇಕು? ವರ್ಡ್ ಕೆಟ್ಟರೆ ವರ್ಡ್ ಮುಚ್ಚಿಕೊಳ್ಳುತ್ತದೆ, ಪಕ್ಕದಲ್ಲಿ ಹಾಡು ಕೇಳಿಸುತ್ತಲೇ ಇರುತ್ತದೆ. ಬಸ್ಸಿನಲ್ಲಿ ಪ್ರಯಾಣಿಕ ತೂಕಡಿಸಿದರೆ ಹೆಚ್ಚೆಂದರೆ ಅವನ ಸ್ಟಾಪ್ ತಪ್ಪುತ್ತದೆ. ಡ್ರೈವರ್ ತೂಕಡಿಸಿದರೆ? ಕಂಪ್ಯೂಟರಿನಲ್ಲೂ ಪ್ರಿಂಟರು, ಪರದೆ, ವೈಫೈ ಮುಂತಾದವನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದೇ ಹೆಸರು.

ದೇವಸ್ಥಾನಕ್ಕೆ ಪ್ರಾಕಾರ, ನವರಂಗ, ಗರ್ಭಗುಡಿ ಇರುವಂತೆ ಪ್ರೊಸೆಸರಿಗೂ ಸುತ್ತುಗಳಿವೆ. ಹೊರಸುತ್ತಿನಲ್ಲಿ ನಮ್ಮ ಬ್ರೌಸರ್, ವರ್ಡ್, ಆಟಗಳು. ಏನು ಬೇಕಾದರೂ ಇವು ಕೇಳಿಯೇ ಪಡೆಯಬೇಕು. ಒಳಗಿನದು ‘ರಿಂಗ್ ಝೀರೊ’. ಅಲ್ಲಿ ಕೂತಿರುವುದು ಕರ್ನೆಲ್, ಎಂದರೆ ಕಾರ್ಯನಿರ್ವಹಣಾ ತಂತ್ರಾಂಶದ ಗರ್ಭ. ಅಲ್ಲಿಗೆ ಪ್ರವೇಶವಿರುವವರು ಮೆಮೊರಿಯ ಯಾವ ಮೂಲೆಯನ್ನಾದರೂ ಮುಟ್ಟಬಹುದು, ಯಾರೂ ತಡೆಯುವುದಿಲ್ಲ. ಯಂತ್ರಾಂಶದ ಜತೆ ನೇರ ಮಾತು ಬೇಕಾದ್ದರಿಂದ ಡ್ರೈವರ್‌ಗಳಿಗೆ ಅಲ್ಲಿಗೆ ಪ್ರವೇಶ. ಎಲ್ಲವನ್ನೂ ನೋಡಬೇಕಾದ್ದರಿಂದ ಆ್ಯಂಟಿವೈರಸ್‌ಗಳಿಗೂ ಅಲ್ಲೇ ಜಾಗ.

ಒಳಗಿನವರಲ್ಲಿ ಒಬ್ಬರು ಮುಟ್ಟಬಾರದ್ದನ್ನು ಮುಟ್ಟಿದರೆ ವಿಂಡೋಸ್ ಮುಂದೆ ಹೋಗುವುದಿಲ್ಲ. ಮೆಮೊರಿಯಲ್ಲಿ ಏನೋ ಕೆಟ್ಟಿದೆ, ಹೀಗೇ ಮುಂದುವರಿದರೆ ಬಳಕೆದಾರನ ಕಡತಗಳೂ ಹಾಳಾಗಬಹುದು ಎಂದು ನೀಲಿ ಪರದೆ ತೋರಿಸಿ ತಾನಾಗಿಯೇ ನಿಂತುಬಿಡುತ್ತದೆ. ನೀಲಿ ಪರದೆಯನ್ನು ಶಪಿಸುವವರು ಇದನ್ನು ಮರೆಯುತ್ತಾರೆ. ಅದು ಯಂತ್ರ ಸತ್ತ ಗುರುತಲ್ಲ. ಸಾಯದಿರಲೆಂದು ಹಾಕಿದ ಬ್ರೇಕು.

> ನೀಲಿಯಿಂದ ಕಪ್ಪಿಗೆ
>
> 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ನೀಲಿ ಪರದೆಯನ್ನು ಬರೆದವರು ಮೈಕ್ರೋಸಾಫ್ಟ್ ಎಂಜಿನಿಯರ್ ಜಾನ್ ವರ್ಟ್. ನೀಲಿಯೇ ಏಕೆ? ಅವರು ಕೆಲಸ ಮಾಡುತ್ತಿದ್ದ ಯಂತ್ರ, ಕೋಡ್ ಬರೆಯುತ್ತಿದ್ದ ಎಡಿಟರ್, ಎರಡರಲ್ಲೂ ನೀಲಿಯ ಮೇಲೆ ಬಿಳಿ ಅಕ್ಷರವಿತ್ತು, ಅಷ್ಟೇ.
>
> 1998ರ ಏಪ್ರಿಲ್ 20ರಂದು ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ವಿಂಡೋಸ್ 98ರ ಪ್ರದರ್ಶನ ನಡೆದಿತ್ತು. ಸ್ಕ್ಯಾನರ್ ಜೋಡಿಸುತ್ತಿದ್ದಂತೆ ವೇದಿಕೆಯ ದೊಡ್ಡ ಪರದೆ ನೀಲಿಯಾಯಿತು. ಪಕ್ಕದಲ್ಲೇ ಬಿಲ್ ಗೇಟ್ಸ್! ಇದಕ್ಕೇ ನಾವಿನ್ನೂ ಇದನ್ನು ಮಾರುಕಟ್ಟೆಗೆ ಬಿಟ್ಟಿಲ್ಲ ಎಂಬರ್ಥದ ಮಾತು ಹೇಳಿ ನಗಿಸಿ ಪಾರಾದರು.
>
> 2012ರ ವಿಂಡೋಸ್ 8ರಲ್ಲಿ ಅಳುಮೋರೆ ಬಂತು, 2016ರಲ್ಲಿ ಕ್ಯೂಆರ್ ಕೋಡ್ ಸೇರಿತು. 2025ರಲ್ಲಿ ಮೈಕ್ರೋಸಾಫ್ಟ್ ಎರಡನ್ನೂ ತೆಗೆದು, ವಿಂಡೋಸ್ 11ರಲ್ಲಿ ಬಣ್ಣವನ್ನೂ ಕಪ್ಪು ಮಾಡುವುದಾಗಿ ಪ್ರಕಟಿಸಿತು.

ಇಪ್ಪತ್ತೊಂದನೇ ಎಲೆ

ಫಾಲ್ಕನ್ ತಂತ್ರಾಂಶದಲ್ಲಿ ಎರಡು ಭಾಗ. ಒಂದು, ಗರ್ಭಗುಡಿಯಲ್ಲಿ ಕೂರುವ ಡ್ರೈವರ್. ಅದಕ್ಕೆ ಮೈಕ್ರೋಸಾಫ್ಟಿನ ಪರೀಕ್ಷೆ, ಸಹಿ, ಮುದ್ರೆ ಎಲ್ಲವೂ ಇದೆ. ಇನ್ನೊಂದು, ಅದಕ್ಕೆ ದಿನವೂ ಬರುವ ಚೀಟಿ. ಇಂದು ಯಾವ ಹೊಸ ಕಳ್ಳನನ್ನು ಹುಡುಕಬೇಕು, ಅವನ ಚಹರೆ ಏನು ಎಂಬ ಮಾಹಿತಿ. ಈ ಚೀಟಿಗಳಿಗೆ ಕಂಪನಿಯಲ್ಲಿ ‘ಚಾನೆಲ್ ಫೈಲ್’ ಎಂದು ಹೆಸರು. ಕಳ್ಳರು ದಿನಕ್ಕೊಂದು ವೇಷ ಹಾಕುವುದರಿಂದ ಚೀಟಿಯೂ ಬೇಗ ತಲುಪಬೇಕು. ಪ್ರತಿ ಚೀಟಿಗೂ ಮೈಕ್ರೋಸಾಫ್ಟಿನ ಮುದ್ರೆಗೆ ಕಾಯುತ್ತ ಕೂರಲಾಗದು.

ಆ ಶುಕ್ರವಾರ ಭಾರತೀಯ ಕಾಲಮಾನ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಹೊರಟದ್ದು ಚಾನೆಲ್ ಫೈಲ್ 291.

ಕಂಪನಿ ಆಮೇಲೆ ಪ್ರಕಟಿಸಿದ ಮೂಲಕಾರಣ ವರದಿಯನ್ನು ಬಿಡಿಸಿ ಹೇಳುವುದಾದರೆ ಪಂಕ್ತಿ ಊಟವನ್ನು ನೆನೆಯಬೇಕು. ಪಂಕ್ತಿಯಲ್ಲಿ ಹಾಕಿದ್ದು 20 ಎಲೆ. ಬಡಿಸುವವನ ಪಟ್ಟಿಯಲ್ಲಿ ಮಾತ್ರ 21. ಫೆಬ್ರುವರಿಯಿಂದಲೂ ಈ ವ್ಯತ್ಯಾಸ ಇದ್ದೇ ಇತ್ತು. ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಅದುವರೆಗಿನ ಚೀಟಿಗಳೆಲ್ಲ 21ನೆಯದರ ಮುಂದೆ ‘ಯಾರಿದ್ದರೂ ಸರಿ, ನೋಡಬೇಕಿಲ್ಲ’ ಎಂದಿದ್ದವು. ಬಡಿಸುವವನು ಇಪ್ಪತ್ತಕ್ಕೇ ಹಿಂತಿರುಗುತ್ತಿದ್ದ. ಜುಲೈ 19ರ ಚೀಟಿ ಮೊದಲ ಬಾರಿಗೆ 21ನೇ ಎಲೆಯಲ್ಲಿ ಏನಿದೆ ನೋಡಿ ಬಾ ಎಂದಿತು. ಅವನು ಹೋದ. ಅಲ್ಲಿ ಎಲೆ ಇರಲಿಲ್ಲ, ನೆಲವೂ ಇರಲಿಲ್ಲ.

ಕಂಪ್ಯೂಟರಿನ ಭಾಷೆಯಲ್ಲಿ ಇದು ಮೆಮೊರಿಯಲ್ಲಿ ತನ್ನದಲ್ಲದ ಜಾಗವನ್ನು ಓದಲು ಹೋಗುವುದು. ಹೊರಸುತ್ತಿನಲ್ಲಿ ನಡೆದಿದ್ದರೆ ಆ ಒಂದು ತಂತ್ರಾಂಶ ಮುಚ್ಚಿಕೊಳ್ಳುತ್ತಿತ್ತು. ನಡೆದದ್ದು ಒಳಗೆ. ಪರದೆಯ ಮೇಲೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂಬ ಬರಹ, ಅದರ ಪಕ್ಕದಲ್ಲೇ ಫಾಲ್ಕನ್ ಡ್ರೈವರಿನ ಹೆಸರು.

ಚೀಟಿಗಳನ್ನು ಹೊರಗೆ ಕಳಿಸುವ ಮೊದಲು ಪರಿಶೀಲಿಸಲು ಕಂಪನಿಯಲ್ಲೇ ಒಂದು ತಂತ್ರಾಂಶವಿತ್ತು. ಅದರಲ್ಲೂ ದೋಷವಿತ್ತು. ಈ ಚೀಟಿಯನ್ನು ಅದು ಸರಿಯಾಗಿದೆ ಎಂದು ದಾಟಿಸಿತು. ಇದಕ್ಕಿಂತ ನೋಯಿಸುವ ಸಂಗತಿ ಇನ್ನೊಂದಿದೆ. ಎಚ್ಚರಿಕೆಯ ಎಷ್ಟೋ ಕಂಪನಿಗಳು ಫಾಲ್ಕನ್‌ನ ಹೊಸ ಆವೃತ್ತಿಯನ್ನು ಕೂಡಲೇ ಹಾಕದೆ, ಒಂದು ಹೆಜ್ಜೆ ಹಿಂದೆ ಇರುವಂತೆ ವ್ಯವಸ್ಥೆ ಮಾಡಿಕೊಂಡಿದ್ದವು. ಅವರೂ ಬಿದ್ದರು. ಆ ವ್ಯವಸ್ಥೆ ಅನ್ವಯಿಸುತ್ತಿದ್ದುದು ಡ್ರೈವರಿಗೆ, ಚೀಟಿಗಲ್ಲ. ಚೀಟಿ ಎಲ್ಲರಿಗೂ ಒಂದೇ ಬಾರಿಗೆ ಹೋಗುತ್ತಿತ್ತು. ಮನೆಯ ಬಾಗಿಲಿಗೆ ಬರುವ ಅಪರಿಚಿತನನ್ನು ಹತ್ತು ಪ್ರಶ್ನೆ ಕೇಳುವವರು ಕಾವಲುಗಾರನ ಜೇಬಿನಲ್ಲೇನಿದೆ ಎಂದು ನೋಡಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ಇಲ್ಲಿಗೆ ತರಬೇಕೆನಿಸುತ್ತದೆ. ಪೂರ್ತಿ ಹೊಂದುವುದಿಲ್ಲ. ಈ ಬೇಲಿ ಮೇಯಲಿಲ್ಲ. ಗಾಳಿಗೆ ಉರುಳಿ ಪೈರಿನ ಮೇಲೆ ಬಿತ್ತು.

48 ಅಂಕಿಗಳ ಮುಂದೆ ಮಂಡಿಯೂರಿ

ತಪ್ಪು ಗೊತ್ತಾಗಿ ಕಂಪನಿ ಆ ಕಡತವನ್ನು ಹಿಂತೆಗೆದುಕೊಂಡಾಗ ನಮ್ಮಲ್ಲಿ 10 ಗಂಟೆ 57 ನಿಮಿಷ. 78 ನಿಮಿಷದಲ್ಲಿ ಸರಿಪಡಿಸಿದ್ದು ಸಾಧಾರಣ ಸಂಗತಿಯಲ್ಲ. ಆದರೆ ಸರಿಯಾದ ಕಡತ ಪಡೆಯಲು ಕಂಪ್ಯೂಟರ್ ಚಾಲೂ ಆಗಿ ನೆಟ್ ಹಿಡಿಯಬೇಕು. ಚಾಲೂ ಆದರೆ ಕೆಟ್ಟ ಕಡತ ಮೊದಲು ಓಡಿ ಮತ್ತೆ ಕೆಡವುತ್ತದೆ. ಫಾಲ್ಕನ್ ಡ್ರೈವರ್ ವಿಂಡೋಸ್ ಏಳುವಾಗಲೇ, ಇತರರಿಗಿಂತ ಮೊದಲೇ ಎದ್ದು ಕೂರುವಂಥದ್ದು. ಕಳ್ಳನಿಗಿಂತ ಮುಂಚೆ ಏಳಬೇಕಲ್ಲ!

ಹೀಗಾಗಿ ಉಳಿದದ್ದು ಒಂದೇ ದಾರಿ. ಯಂತ್ರದ ಮುಂದೆ ಮನುಷ್ಯ ಕೂರಬೇಕು. ಹೊರಗಿನ ಡ್ರೈವರ್‌ಗಳಿಲ್ಲದೆ ವಿಂಡೋಸ್ ಏಳುವ ಸೇಫ್ ಮೋಡ್‌ಗೆ ಹೋಗಬೇಕು. ವಿಂಡೋಸ್ ಫೋಲ್ಡರ್ ತೆರೆದು, ಅದರೊಳಗೆ ಸಿಸ್ಟಂ 32, ಅದರೊಳಗೆ ಡ್ರೈವರ್ಸ್, ಅದರೊಳಗೆ ಕ್ರೌಡ್‌ಸ್ಟ್ರೈಕ್ ಎಂದು ಇಳಿಯುತ್ತ ಹೋಗಿ, ‘ಸಿ’ ಅಕ್ಷರದ ಮುಂದೆ 00000291 ಎಂಬ ಅಂಕಿಯಿರುವ ಕಡತವನ್ನು ಅಳಿಸಬೇಕು. ರೀಸ್ಟಾರ್ಟ್ ಮಾಡಬೇಕು. ಒಂದು ಯಂತ್ರಕ್ಕೆ ಹತ್ತು ಹದಿನೈದು ನಿಮಿಷದ ಕೆಲಸ. ಸಾವಿರ ಯಂತ್ರಗಳಿದ್ದರೆ?

ಅದಕ್ಕೂ ಮೊದಲು ಇನ್ನೊಂದು ಬೀಗ. ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಮುಚ್ಚಿಟ್ಟಿರುತ್ತಾರೆ. ರಿಪೇರಿಗೆಂದು ಒಳಗೆ ಹೋಗಲು 48 ಅಂಕಿಗಳ ಕೀಲಿ ಬೇಕು, ಪ್ರತಿ ಯಂತ್ರಕ್ಕೂ ಬೇರೆಯದು. ಈ ಕೀಲಿಗಳ ಪಟ್ಟಿ ಇಟ್ಟಿದ್ದ ಸರ್ವರ್ ಕೂಡ ಕೆಲವೆಡೆ ನೀಲಿಯಾಗಿತ್ತು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತೆ. ಮನೆಯಿಂದ ಕೆಲಸ ಮಾಡುವವರಿಗೆ ಫೋನಿನಲ್ಲೇ 48 ಅಂಕಿಗಳನ್ನು ಓದಿ ಹೇಳಿ, ಒಂದು ತಪ್ಪಿದರೆ ಮತ್ತೆ ಮೊದಲಿನಿಂದ ಶುರುಮಾಡುವ ಪಾಡು ಐಟಿ ಸಿಬ್ಬಂದಿಯದಾಯಿತು.

ಆಸ್ಟ್ರೇಲಿಯಾದ ಲೆಕ್ಕಪರಿಶೋಧನಾ ಸಂಸ್ಥೆ ಗ್ರಾಂಟ್ ಥಾರ್ನ್‌ಟನ್‌ನ ತಂತ್ರಜ್ಞರಿಗೆ ಆಗ ಅಂಗಡಿಯ ಬಿಲ್ಲಿಂಗ್ ಕೌಂಟರ್ ನೆನಪಾಯಿತು. ಬಾರ್‌ಕೋಡ್ ಸ್ಕ್ಯಾನರನ್ನು ಕಂಪ್ಯೂಟರ್ ಒಂದು ಕೀಬೋರ್ಡ್ ಎಂದೇ ತಿಳಿಯುತ್ತದೆ. ಓದಿದ ಅಂಕಿಗಳನ್ನು ಬೆರಳಿನಿಂದ ಒತ್ತಿದಂತೆಯೇ ಒಳಗೆ ಕಳಿಸುತ್ತದೆ. ಅವರು ಪ್ರತಿ ಕೀಲಿಯನ್ನೂ ಬಾರ್‌ಕೋಡ್ ಮಾಡಿದರು. ಯಂತ್ರದಿಂದ ಯಂತ್ರಕ್ಕೆ ಹೋಗಿ ‘ಪೀಂ’ ಎನ್ನಿಸಿದರು, ಬೀಗ ತೆಗೆಯಿತು. ಇಡೀ ಪ್ರಕರಣದಲ್ಲಿ ಮೆಚ್ಚಿಕೊಳ್ಳಬೇಕಾದ ಬುದ್ಧಿ ಯಾವುದೆಂದರೆ ಇದೇ. ಹೊಸ ತಂತ್ರಜ್ಞಾನವಲ್ಲ, ದುಬಾರಿ ಉಪಕರಣವಲ್ಲ, ಕಿರಾಣಿ ಅಂಗಡಿಯ ಸಾಮಾನು.

ಮೈಕ್ರೋಸಾಫ್ಟ್ ಕ್ಲೌಡ್ ಗ್ರಾಹಕರಿಗೆ ಕೊಟ್ಟ ಸಲಹೆ ಇನ್ನೂ ವಿಚಿತ್ರ. ರೀಸ್ಟಾರ್ಟ್ ಮಾಡುತ್ತಲೇ ಇರಿ, ಕೆಲವರಿಗೆ 15 ಬಾರಿ ಮಾಡಿದ ಮೇಲೆ ಸರಿಹೋಗಿದೆ ಎಂದಿತು. ಹಾಸ್ಯದಂತೆ ಕೇಳಿದರೂ ತರ್ಕವಿದೆ. ಪ್ರತಿ ಬಾರಿ ಏಳುವಾಗಲೂ ಅಲ್ಲೊಂದು ಓಟದ ಪಂದ್ಯ. ಕೆಟ್ಟ ಕಡತ ಯಂತ್ರವನ್ನು ಕೆಡವುವುದು ಮೊದಲೋ, ನೆಟ್‌ನಿಂದ ಒಳ್ಳೆಯ ಕಡತ ಬಂದು ಸೇರುವುದು ಮೊದಲೋ! ಹತ್ತು ಬಾರಿ ಸೋತವನು ಹನ್ನೊಂದನೇ ಸಲ ಗೆಲ್ಲಬಹುದು.

ಎಲ್ಲರಿಗಿಂತ ಹೆಚ್ಚು ನರಳಿದ್ದು ಅಮೆರಿಕದ ಡೆಲ್ಟಾ ಏರ್‌ಲೈನ್ಸ್. ಉಳಿದವರು ಎದ್ದು ಓಡಾಡುವ ಹೊತ್ತಿಗೂ ಅದು ಮಲಗಿತ್ತು. ಸುಮಾರು 7,000 ವಿಮಾನಗಳು ರದ್ದಾದವು. 40,000 ಸರ್ವರ್‌ಗಳನ್ನು ಕೈಯಾರೆ ಸರಿಪಡಿಸಬೇಕಾಯಿತು, 50 ಕೋಟಿ ಡಾಲರ್ ನಷ್ಟವಾಯಿತು ಎಂದು ಅದರ ಮುಖ್ಯಸ್ಥ ಎಡ್ ಬಾಸ್ಟಿಯನ್ ಹೇಳಿದರು. ವಿಷಯ ಕೋರ್ಟಿಗೂ ಹೋಯಿತು. ಮೈಕ್ರೋಸಾಫ್ಟನ್ನು ಬಿಟ್ಟು ಅಮೆರಿಕದ ಅಗ್ರ 500 ಕಂಪನಿಗಳಿಗಾದ ನೇರ ನಷ್ಟ 540 ಕೋಟಿ ಡಾಲರ್ ಎಂದು ವಿಮಾ ಕ್ಷೇತ್ರದ ಪ್ಯಾರಾಮೆಟ್ರಿಕ್ಸ್ ಸಂಸ್ಥೆ ಲೆಕ್ಕಹಾಕಿತು.

ಈ ಗಲಾಟೆಯಲ್ಲಿ ಕಳ್ಳರೂ ಕೈಕಟ್ಟಿ ಕೂರಲಿಲ್ಲ. ‘ತುರ್ತು ಪರಿಹಾರ’ ಎಂಬ ಹೆಸರಿನಲ್ಲಿ ಕುತಂತ್ರಾಂಶ ತುಂಬಿದ ಕಡತಗಳನ್ನು ಹಂಚಿದರು.

ಹಳೆಯ ಗಾಯ, ಹಳೆಯ ಹೆಸರು

ಕ್ರೌಡ್‌ಸ್ಟ್ರೈಕ್‌ನ ಸ್ಥಾಪಕರಲ್ಲೊಬ್ಬರು ಮತ್ತು ಮುಖ್ಯಸ್ಥರು ಜಾರ್ಜ್ ಕರ್ಟ್ಜ್. 2010ರಲ್ಲಿ ಅವರು ಆ್ಯಂಟಿವೈರಸ್ ತಯಾರಿಸುವ ಮೆಕಾಫಿ ಕಂಪನಿಯ ಮುಖ್ಯ ತಂತ್ರಜ್ಞಾನ ಅಧಿಕಾರಿ. ಆ ವರ್ಷ ಏಪ್ರಿಲ್ 21ರಂದು ಮೆಕಾಫಿ ಕಳಿಸಿದ 5958ನೇ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ‘ಎಸ್‌ವಿಸಿಹೋಸ್ಟ್’ ಎಂಬ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ಹಿಡಿದು ಕಟ್ಟಿಹಾಕಿತು. ಯಂತ್ರಗಳು ಏಳುವುದು, ಬೀಳುವುದು, ಮತ್ತೆ ಏಳುವುದು. ಕಂಪ್ಯೂಟರಿಂದ ಕಂಪ್ಯೂಟರಿಗೆ ನಡೆದು ಕೈಯಾರೆ ರಿಪೇರಿ ಮಾಡಬೇಕಾಗಿ ಬಂದದ್ದು ಆಗಲೂ ನಿಜ. 14 ವರ್ಷಗಳ ಅಂತರದಲ್ಲಿ ಎರಡೂ ಅವಘಡಗಳ ಕಾಲಕ್ಕೆ ಒಬ್ಬರೇ ಉನ್ನತ ಕುರ್ಚಿಯಲ್ಲಿದ್ದದ್ದು ಕಾಕತಾಳೀಯವಿರಬಹುದು. ಪತ್ರಕರ್ತರಂತೂ ಬಿಡಲಿಲ್ಲ.

ಅವರೊಬ್ಬರ ಪಾಡಲ್ಲ ಇದು. 2007ರ ಮೇ ತಿಂಗಳಲ್ಲಿ ಸಿಮ್ಯಾಂಟೆಕ್‌ನ ತಂತ್ರಾಂಶ ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿಯ ಎರಡು ಮೂಲ ಕಡತಗಳನ್ನು ವೈರಸ್ ಎಂದು ಎತ್ತಿಟ್ಟು ಅಲ್ಲಿನ ಕಂಪ್ಯೂಟರ್‌ಗಳನ್ನು ಏಳದಂತೆ ಮಾಡಿತ್ತು. 2018ರ ಜನವರಿಯಲ್ಲಿ ಪ್ರೊಸೆಸರುಗಳ ‘ಮೆಲ್ಟ್‌ಡೌನ್’ ದೋಷಕ್ಕೆ ಮೈಕ್ರೋಸಾಫ್ಟ್ ಮದ್ದು ತಂದಾಗ ಕೆಲವು ಆ್ಯಂಟಿವೈರಸ್‌ಗಳಿದ್ದಲ್ಲಿ ನೀಲಿ ಪರದೆ ಬಂತು. ಕರ್ನೆಲ್ ಮೆಮೊರಿಯನ್ನು ಮುಟ್ಟಲು ಅವು ಒಪ್ಪಿತವಲ್ಲದ ಅಡ್ಡದಾರಿಗಳನ್ನು ಹಿಡಿದಿದ್ದವು. ತಮ್ಮ ಆ್ಯಂಟಿವೈರಸ್ ಹೊಂದಿಕೊಳ್ಳುತ್ತದೆ ಎಂದು ತಯಾರಕರು ಗುರುತು ಹಾಕುವವರೆಗೆ ಆ ಯಂತ್ರಗಳಿಗೆ ಮದ್ದನ್ನೇ ತಡೆಹಿಡಿಯಬೇಕಾಯಿತು.

ಭದ್ರತಾ ತಂತ್ರಾಂಶಗಳಿಗಿಂತ ಹಳೆಯ ಆರೋಪಿಗಳು ಸಾದಾ ಡ್ರೈವರ್‌ಗಳು. ವಿಂಡೋಸ್ ಎಕ್ಸ್‌ಪಿಯ ಕುಸಿತಗಳಲ್ಲಿ ಶೇ 85ಕ್ಕೆ ಡ್ರೈವರ್‌ಗಳೇ ಕಾರಣ ಎಂದು 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬರೆದರು. ವಿಂಡೋಸ್‌ನ ಮುಂದಿನ ಆವೃತ್ತಿ ವಿಸ್ಟಾ ಬಂದಾಗ 2007ರಲ್ಲಿ ದಾಖಲಾದ ಕುಸಿತಗಳಲ್ಲಿ ಶೇ 29ರ ಹತ್ತಿರದಷ್ಟು ಎನ್‌ವಿಡಿಯಾದ ಡ್ರೈವರ್‌ಗಳ ಲೆಕ್ಕಕ್ಕೆ ಬಿದ್ದಿದ್ದವು. ನಂತರ ನಡೆದ ಒಂದು ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟಿನ ಒಳಪತ್ರಗಳು ಹೊರಬಿದ್ದು ಇದು ಗೊತ್ತಾಯಿತು. ಬೈಸಿಕೊಂಡದ್ದು ಮಾತ್ರ ವಿಂಡೋಸ್.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. ಡ್ರೈವರ್‌ಗಳನ್ನು ಓಡಿಸದೆಯೇ, ಅವುಗಳ ಕೋಡನ್ನು ಗಣಿತದ ಮೂಲಕ ಜಾಲಾಡಿ ತಪ್ಪು ಹಿಡಿಯಬಹುದೇ ಎಂದು ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಹೊರಟಿದ್ದರು. ಬೀಗ ಹಾಕಿದ ಡ್ರೈವರ್ ಅದನ್ನು ತೆಗೆದೇ ಹೊರಬರುತ್ತದೆಯೇ, ಒಂದೇ ಬೀಗವನ್ನು ಎರಡು ಬಾರಿ ಹಾಕಲು ಹೋಗುತ್ತದೆಯೇ ಎಂಬಂಥ ಪ್ರಶ್ನೆಗಳಿಗೆ, ಎಲ್ಲ ದಾರಿಗಳನ್ನೂ ಸವೆಸಿ ಉತ್ತರ ಹೇಳುವ ವಿಧಾನ ಅವರದು. ‘ಸ್ಲ್ಯಾಮ್’ ಎಂಬ ಆ ಯೋಜನೆಯಿಂದ ಹುಟ್ಟಿದ ‘ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್’ ಉಪಕರಣವನ್ನು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರ ಕೈಗೇ ಕೊಟ್ಟಿತು. ರಾಜಮಣಿ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಮುಖ್ಯಸ್ಥರಾದರು. ಇಂಥ ಪರೀಕ್ಷೆಗಳು ಡ್ರೈವರ್‌ಗಳನ್ನು ಬಹಳಷ್ಟು ಪಳಗಿಸಿದವು. ಆದರೆ ಚಾನೆಲ್ ಫೈಲ್ 291 ಡ್ರೈವರ್ ಅಲ್ಲವಲ್ಲ. ಡ್ರೈವರ್ ಓದುವ ಚೀಟಿ ಅದು.

> ಮನೆಯ ಕಂಪ್ಯೂಟರ್ ನೀಲಿಯಾದರೆ
>
> ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್’ ಎನ್ನುವುದು ರಿಪೇರಿ ಅಂಗಡಿಗಳ ಸಿದ್ಧ ಉತ್ತರ. ನೆಗಡಿಗೆ ಮೂಗು ಕೊಯ್ದಂತೆ. ಅದಕ್ಕೆ ಮುನ್ನ ನೋಡಬೇಕಾದದ್ದು ಬೇಕಾದಷ್ಟಿದೆ.
>
> ಪರದೆಯ ಕೆಳಗೆ ಬರುವ ಸ್ಟಾಪ್ ಕೋಡನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೆಡುವ ಮುಂಚಿನ ಒಂದೆರಡು ದಿನದಲ್ಲಿ ಹೊಸದೇನು ಸೇರಿತು? ಪ್ರಿಂಟರ್, ಗ್ರಾಫಿಕ್ಸ್ ಅಪ್‌ಡೇಟ್, ಇನ್ನೊಂದು ಆ್ಯಂಟಿವೈರಸ್? ಎಷ್ಟೋ ಪ್ರಕರಣ ಈ ಪ್ರಶ್ನೆಗೇ ಬಗೆಹರಿಯುತ್ತದೆ.
>
> ವಿಂಡೋಸ್ ಏಳದಿದ್ದರೆ, ಏಳುವಾಗ ಪವರ್ ಗುಂಡಿ ಒತ್ತಿಹಿಡಿದು ಎರಡು ಮೂರು ಬಾರಿ ಆರಿಸಿದರೆ ರಿಕವರಿ ಪರದೆ ಬರುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗಬಹುದು. ಅಲ್ಲಿ ಸರಾಗವಾಗಿ ನಡೆದರೆ ತಪ್ಪು ಹೊರಗಿನಿಂದ ಬಂದ ಡ್ರೈವರಿನದೋ ಆ್ಯಂಟಿವೈರಸ್‌ನದೋ ಇರುವ ಸಾಧ್ಯತೆ ಹೆಚ್ಚು. ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಳೆಯ ಡ್ರೈವರ್ ಮರಳುತ್ತದೆ.
>
> ಎರಡು ಆ್ಯಂಟಿವೈರಸ್ ಒಟ್ಟಿಗೆ ಬೇಡ. ತೆಗೆಯುವಾಗ ಆಯಾ ಕಂಪನಿಯೇ ಕೊಡುವ ತೆಗೆಯುವ ಉಪಕರಣವನ್ನು ಬಳಸಿ, ಇಲ್ಲದಿದ್ದರೆ ಅದರ ಡ್ರೈವರ್ ಒಳಗೇ ಉಳಿದುಬಿಡಬಹುದು.
>
> ಪ್ರತಿ ಕುಸಿತದ ಪಂಚನಾಮೆ ವಿಂಡೋಸ್ ಫೋಲ್ಡರಿನ ‘ಮಿನಿಡಂಪ್’ನಲ್ಲಿ ಉಳಿಯುತ್ತದೆ. ಮೈಕ್ರೋಸಾಫ್ಟಿನ ಉಚಿತ ವಿನ್‌ಡಿಬಿಜಿಯಲ್ಲಿ ಅದನ್ನು ತೆರೆದರೆ ಶಂಕಿತ ಡ್ರೈವರಿನ ಹೆಸರು ಸಿಗುತ್ತದೆ. ಹೆಸರು ವಿಂಡೋಸ್‌ನ ಕರ್ನೆಲ್‌ನದ್ದೇ ಆಗಿದ್ದರೆ ಕೂಡಲೇ ನಂಬಬೇಡಿ. ಹೆಣ ಸಿಕ್ಕ ಮನೆಯವನೇ ಕೊಲೆಗಾರನಾಗಬೇಕಿಲ್ಲ.
>
> ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ ರ್‍ಯಾಮ್ ಮೇಲೆ ಕಣ್ಣಿಡಿ. ವಿಂಡೋಸ್‌ನಲ್ಲೇ ಮೆಮೊರಿ ಪರೀಕ್ಷೆಯ ಸೌಲಭ್ಯವಿದೆ. ‘ಡ್ರೈವರ್ ವೆರಿಫೈಯರ್’ ಕೊನೆಯ ಅಸ್ತ್ರ. ಅದು ಶಂಕಿತ ಡ್ರೈವರನ್ನು ಪೀಡಿಸಿ ಬೇಕೆಂದೇ ಕೆಡವುತ್ತದೆ. ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳದೆ ಮುಟ್ಟಬಾರದು.
>
> ಇದೆಲ್ಲ ಬೇಡವೆನ್ನುವವರೂ ಇಂದೇ ಮಾಡಬಹುದಾದ ಕೆಲಸ ಒಂದಿದೆ: ಬಿಟ್‌ಲಾಕರ್ ಕೀಲಿಯನ್ನು ಕಾಗದದಲ್ಲಿ ಬರೆದಿಡುವುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ.

ಕೀಲಿಕೈ ಯಾರ ಬಳಿ?

ಹಾಗಾದರೆ ಹೊರಗಿನವರನ್ನು ಗರ್ಭಗುಡಿಗೆ ಬಿಡುವುದೇಕೆ? ಈ ಜಗಳ ಹೊಸದಲ್ಲ. ವಿಸ್ಟಾ ಬರುವ ಮುನ್ನ ಮೈಕ್ರೋಸಾಫ್ಟ್ 64 ಬಿಟ್ ವಿಂಡೋಸ್‌ನ ಕರ್ನೆಲ್ ಅನ್ನು ಬೇರೆಯವರು ತಿದ್ದದಂತೆ ಬಿಗಿ ಮಾಡಿತ್ತು. ಭದ್ರತಾ ಕಂಪನಿಗಳು ಸಿಡಿದೆದ್ದವು. 2006ರ ಅಕ್ಟೋಬರ್‌ನಲ್ಲಿ ಮೆಕಾಫಿ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಪ್ರತಿಭಟಿಸಿತು. ಮೈಕ್ರೋಸಾಫ್ಟ್ ತಾನೂ ಆ್ಯಂಟಿವೈರಸ್ ಮಾರುತ್ತ ಉಳಿದವರಿಗೆ ಬಾಗಿಲು ಹಾಕುತ್ತಿದೆ ಎಂಬುದು ಅವರ ದೂರು. ಅದರಲ್ಲಿ ಹುರುಳಿರಲಿಲ್ಲ ಎನ್ನಲಾಗದು.

ಜುಲೈ 2024ರ ನಂತರ ಮೈಕ್ರೋಸಾಫ್ಟ್ ಬೆರಳು ತೋರಿಸಿದ್ದು ಯುರೋಪಿನತ್ತ. 2009ರಲ್ಲಿ ಯುರೋಪಿಯನ್ ಕಮಿಷನ್ ಜತೆ ಮಾಡಿಕೊಂಡ ಒಪ್ಪಂದದ ಪ್ರಕಾರ, ತನ್ನ ಭದ್ರತಾ ತಂತ್ರಾಂಶಕ್ಕೆ ಸಿಗುವ ಪ್ರವೇಶವನ್ನೇ ಉಳಿದವರಿಗೂ ಕೊಡಬೇಕಾಗಿದೆ ಎಂದಿತು. ನಿಮ್ಮ ಮನೆ ಹೇಗೆ ಕಟ್ಟಿಕೊಳ್ಳುತ್ತೀರಿ ಎಂಬುದು ನಿಮಗೆ ಬಿಟ್ಟದ್ದು, ಈ ಬಗ್ಗೆ ನೀವು ನಮ್ಮ ಬಳಿ ದೂರಿಕೊಂಡೇ ಇಲ್ಲ ಎಂದು ಕಮಿಷನ್ ಮರುನುಡಿಯಿತು. ಸಮಾನ ಪ್ರವೇಶ ಎಂದರೆ ಎಲ್ಲರೂ ಒಳಗೆ ಇರಬೇಕೆಂದೇನಿಲ್ಲ, ಎಲ್ಲರೂ ಹೊರಗಿದ್ದರೂ ಅದು ಸಮಾನವೇ. ಮೈಕ್ರೋಸಾಫ್ಟಿನ ವಾದ ಅರ್ಧ ಮಾತ್ರ ನಿಲ್ಲುವುದು ಇದಕ್ಕೇ. ಆ್ಯಪಲ್ 2019ರಲ್ಲೇ ತನ್ನ ಮ್ಯಾಕ್‌ಗಳಲ್ಲಿ ಹೊರಗಿನವರಿಗೆ ಬೇರೆ ಜಗಲಿ ಕಟ್ಟಿಕೊಟ್ಟು, ಕರ್ನೆಲ್‌ನಿಂದ ಅವರನ್ನು ಈಚೆ ಕಳಿಸತೊಡಗಿತ್ತು.

ಅವಘಡದ ನಂತರ ಮೈಕ್ರೋಸಾಫ್ಟೂ ಅದೇ ದಾರಿ ಹಿಡಿಯಿತು. 2024ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಕಂಪನಿಗಳನ್ನು ತನ್ನ ಕೇಂದ್ರ ರೆಡ್ಮಂಡ್‌ಗೆ ಕರೆದು ಕೂರಿಸಿಕೊಂಡಿತು. ಆ್ಯಂಟಿವೈರಸ್‌ಗಳು ಕರ್ನೆಲ್‌ನ ಹೊರಗಿನಿಂದಲೇ ಕೆಲಸ ಮಾಡುವ ವೇದಿಕೆಯ ಮೊದಲ ರೂಪವನ್ನು 2025ರಲ್ಲಿ ಅವರ ಕೈಗೆ ಕೊಡುವುದಾಗಿ ಹೇಳಿತು. ಏಳಲಾಗದ ಯಂತ್ರ ರಿಕವರಿ ಸ್ಥಿತಿಯಲ್ಲೇ ನೆಟ್ ಹಿಡಿದು ಪರಿಹಾರವನ್ನು ತಾನೇ ಇಳಿಸಿಕೊಳ್ಳುವ ವ್ಯವಸ್ಥೆಯನ್ನೂ ತಂದಿತು. ಬಾರ್‌ಕೋಡ್ ಹಿಡಿದು ನಡೆದವರಿಗೆ ಇದೊಂದು ಅಂದು ಇದ್ದಿದ್ದರೆ ಸಾಕಿತ್ತು.

ಕ್ರೌಡ್‌ಸ್ಟ್ರೈಕ್ ಹತ್ತು ದಿನಗಳಲ್ಲಿ ಶೇ 99ರಷ್ಟು ಯಂತ್ರಗಳು ಮರಳಿವೆ ಎಂದಿತು. ಚೀಟಿಗಳನ್ನು ಇನ್ನು ಮುಂದೆ ಎಲ್ಲರಿಗೂ ಒಂದೇ ಬಾರಿಗೆ ಕಳಿಸದೆ ಹಂತಹಂತವಾಗಿ ಬಿಡುವ, ಯಾವಾಗ ಪಡೆಯಬೇಕೆಂಬ ಆಯ್ಕೆಯನ್ನು ಗ್ರಾಹಕರಿಗೇ ಕೊಡುವ ಭರವಸೆ ನೀಡಿತು. ಸೆಪ್ಟೆಂಬರ್ 24ರಂದು ಕಂಪನಿಯ ಹಿರಿಯ ಅಧಿಕಾರಿ ಆ್ಯಡಂ ಮೇಯರ್ಸ್ ಅಮೆರಿಕದ ಸಂಸತ್ತಿನ ಉಪಸಮಿತಿಯೆದುರು ಕ್ಷಮೆ ಕೇಳಿದರು. ಅದಕ್ಕೂ ಮೊದಲು, ರಾತ್ರಿಯಿಡೀ ದುಡಿದ ಪಾಲುದಾರ ಸಂಸ್ಥೆಗಳವರಿಗೆ ಕಾಫಿ ತಿಂಡಿಗೆಂದು ತಲಾ 10 ಡಾಲರಿನ ಊಬರ್ ಈಟ್ಸ್ ಕೂಪನ್ ಕಳಿಸಿ ಕಂಪನಿ ನಗೆಪಾಟಲಾಗಿತ್ತು. ಏಕಕಾಲಕ್ಕೆ ಎಲ್ಲರೂ ಬಳಸಲು ಹೋದದ್ದರಿಂದ ಊಬರ್‌ನ ವ್ಯವಸ್ಥೆ ಅದನ್ನು ವಂಚನೆ ಎಂದು ಶಂಕಿಸಿ, ಕೆಲವರ ಕೂಪನ್ ನಡೆಯಲೂ ಇಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಹ್ಯಾಕರುಗಳ ವಾರ್ಷಿಕ ಜಾತ್ರೆ ‘ಡೆಫ್ ಕಾನ್’ ನಡೆಯಿತು. ಅಲ್ಲಿ ಕೊಡುವ ‘ಪೋನಿ’ ಎಂಬ ಕುಚೋದ್ಯದ ಪ್ರಶಸ್ತಿಗಳಲ್ಲಿ ವರ್ಷದ ಮಹಾ ಎಡವಟ್ಟಿಗೂ ಒಂದಿದೆ. ಅದು ಯಾರಿಗೆ ಎಂಬುದರಲ್ಲಿ ಆ ಬಾರಿ ಚರ್ಚೆಯೇ ಇರಲಿಲ್ಲ. ಇಂಥ ಪ್ರಶಸ್ತಿ ಪಡೆಯಲು ಸಾಮಾನ್ಯವಾಗಿ ಯಾರೂ ವೇದಿಕೆಗೆ ಬರುವುದಿಲ್ಲ. ಕ್ರೌಡ್‌ಸ್ಟ್ರೈಕ್‌ನ ಅಧ್ಯಕ್ಷ ಮೈಕಲ್ ಸೆಂಟೋನಾಸ್ ಬಂದರು. ಎರಡೂ ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡ ಟ್ರೋಫಿ. ಇದನ್ನು ಮುಖ್ಯ ಕಚೇರಿಗೆ ಒಯ್ದು, ಕೆಲಸಕ್ಕೆ ಬರುವ ಪ್ರತಿಯೊಬ್ಬರ ಕಣ್ಣಿಗೂ ಬೀಳುವ ಕಡೆ ಇಡುತ್ತೇನೆ ಎಂದು ಹೇಳಿ, ಹೊತ್ತುಕೊಂಡು ಇಳಿದುಹೋದರು.